ಕಾಕೂನ ಒಪ್ಪತ್ತಿನ ಮೀನು

ಮೊನ್ನೆ ಅವ್ವ ಉಸಳಿ ಮಾಡಲೆಂದು ಒಣ ಬಟಾಣಿ ನೆನೆಹಾಕಿ ಕುಕ್ಕರಿಗೆ ಇಟ್ಟಿದ್ದಳು. ಸೀಟಿ ಇಳಿದು ಮುಚ್ಚಳ ತೆಗೆದಾಗ ಬಂತು ನೋಡಿ ಆ ವಾಸನೆ... ಅರ್ಧ ಹುಲ್ಲು, ಅರ್ಧ ಮಣ್ಣು, ಕೊನೆಗೆ ಸ್ವಲ್ಪ ಸಿಹಿ. ಒಂದು ಕಾಳು ತೆಗೆದು ಬೆರಳ ನಡುವೆ ಒತ್ತಿದೆ. ಸಿಪ್ಪೆ ಜಾರಿತು. ಬಾಯಿಗೆ ಹಾಕಿಕೊಳ್ಳುವುದು ಬಿಟ್ಟು ನನ್ನ ಉಗುರು ತಾನಾಗಿಯೇ ಅದನ್ನು ಅರ್ಧ ಮಾಡಿತು, ಅರ್ಧವನ್ನು ಮತ್ತೆ ಅರ್ಧ ಮಾಡಿತು. ಕೊನೆಗೆ ಸಾಸಿವೆಯಷ್ಟು ಚೂರುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ದಡ್ಡನ ಹಾಗೆ ನಿಂತಿದ್ದೆ.

"ಯಾರಿಗೋ ಅದು? ಇರಿವಿಗೇನು?" ಎಂದಳು ಅವ್ವ. ಆಮೇಲೆ ಅವಳಿಗೂ ನೆನಪಾಯಿತು ಅಂತ ಕಾಣುತ್ತದೆ. ಒಗ್ಗರಣೆ ಕಡೆ ತಿರುಗಿದಳು.

ನಾನೇನು ನೆನಪು ಬರೆಯುವ ವಯಸ್ಸಿನವನಲ್ಲ. ಮೀಸೆಯೇ ಇನ್ನೂ ಬರಲೋ ಬೇಡವೋ ಎಂದು ವಿಚಾರ ಮಾಡುತ್ತಿದೆ. ಹಗಲು ಗೋವಾದ ವೆರ್ಣಾದಲ್ಲಿ ಗೋದಾಮಿನ ಕೆಲಸ. ಚೌತಿ, ಮದುವೆ, ಕೂಸಿನ ಬಾರಸೆ ಬಂದರೆ ಮಿಮಿಕ್ರಿ. ಅಂದರೆ ಮಂದಿಯ ದನಿ ಕದ್ದು ಮಂದಿಗೇ ಕೇಳಿಸುವುದು. ಸಾಂಕೋಲೆಯ ನಮ್ಮ ಚಾಳದಲ್ಲಿ ನನ್ನ ಬಾಯಿಗೆ ಸಿಗದೆ ಉಳಿದವರು ಕಡಿಮೆ. ಖೋಲಿ ಮಾಲೀಕ ಬಾಗಿಲು ಬಡಿಯುವ ಮೊದಲು ಕೆಮ್ಮುವ ಕೆಮ್ಮು, ವಾಸ್ಕೋ ಬಸ್ಸಿನ ಕಂಡಕ್ಟರನ ಕೂಗು, ಅಪ್ಪನ ಗೊರಕೆ ಎಲ್ಲವೂ ನನ್ನ ಹತ್ತಿರ ಇವೆ. ನನ್ನನ್ನೂ ನಾನು ಬಿಟ್ಟಿಲ್ಲ. ಹನ್ನೆರಡನೇ ಇಯತ್ತೆ ನಪಾಸಾದ ದಿನ ಅಪ್ಪನ ಮುಂದೆ ನಿಂತು ನಾನು ಅಂದ "ಅಪ್ಪಾ... ರಿಸಲ್ಟು... ಬಂದೈತಿ... ಆದ್ರ..." ಇವತ್ತಿಗೂ ಮದುವೆ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಗಿಸುವ ಐಟಂ ಅದೇ.

ಆ ನಪಾಸಿನ ವರ್ಷವೇ, ಎರಡು ಸಾವಿರದ ಏಳರ ಸುಮಾರು, ಬಾಜು ಖೋಲಿಯ ಕಾಕು ಮೀನು ತಂದದ್ದು.

ಕಾಕೂಗೆ ಒಂದು ಹೆಸರಿತ್ತು. ಆದರೆ ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಕಾಕಾ ಕೂಡ "ಏಯ್, ಇಲ್ನೋಡ" ಅನ್ನುತ್ತಿದ್ದರು. ಅವರು ಬಿಜಾಪುರದ ಕಡೆಯವರು, ನಾವು ಗದಗಿನ ಕಡೆಯವರು. ಊರಲ್ಲೇ ಇದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಲ್ಲಿ ತಗಡಿನ ಸೂರಿನ ಕೆಳಗೆ ಒಂದೇ ಗೋಡೆ ಹಂಚಿಕೊಂಡು ಬಳಗವಾದೆವು. ಕಾಕಾ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಕಾಕು ವೆರ್ಣಾದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್. ಮುಂಜಾನೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಇಳಿಯುತ್ತಿದ್ದರು. ಗಿಡ್ಡ ಆಳು, ದೊಡ್ಡ ದನಿ. ಬಸ್ಸಿನಿಂದ ಇಳಿಯುವಾಗ ಬುತ್ತಿ ಡಬ್ಬಿಯನ್ನು ಗಂಟೆಯ ಹಾಗೆ ತೂಗುತ್ತ ಬರುತ್ತಿದ್ದರು. ಆ ಸಪ್ಪಳಕ್ಕೆ ನಮ್ಮವ್ವ ಚಹಾಕ್ಕೆ ಇಡುತ್ತಿದ್ದಳು.

ಆ ದಿನ ಡಬ್ಬಿ ಸಪ್ಪಳ ಮಾಡಲಿಲ್ಲ. ಕಾಕು ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ಸಣ್ಣ ಹೆಜ್ಜೆ ಇಡುತ್ತ ಬಂದರು. ನಾವು ಏನೋ ಸಿಹಿ ಬಂತು ಅಂದುಕೊಂಡೆವು. ಮುಚ್ಚಳ ತೆಗೆದರು. ಒಳಗೆ ನೀರು. ನೀರಿನ ಮೇಲೆ ಒಂದು ಬಂಗಾರ ಬಣ್ಣದ ಮೀನು ಮಗ್ಗುಲಾಗಿ ಬಿದ್ದುಕೊಂಡು, ಒಂದೇ ಕಣ್ಣಿನಿಂದ ನಮ್ಮ ಚಾಳದ ತಗಡನ್ನು ನೋಡುತ್ತಿತ್ತು.

ಕಾಕಾ ಒಳಗಿಂದ ಬಂದರು. ಕಾಕು ಲಿಂಗ ಕಟ್ಟಿಕೊಂಡವರು. ಮೀನಿನವಳು ಓಣಿಗೆ ಬಂದರೆ ಸೆರಗು ಮೂಗಿಗೆ ಇಟ್ಟುಕೊಂಡು ಬಾಗಿಲು ಹಾಕುವವರು. ಅವರ ಡಬ್ಬಿಯಲ್ಲಿ ಮೀನು!

"ಡಬ್ಬಿ ಯಾರ್ದದು?" ಕಾಕಾ ಕೇಳಿದ ಮೊದಲ ಮಾತು ಇದು.

"ನಂದ. ನಿಮ್ಮ ಡಬ್ಬಿ ಮುಟ್ಟಿಲ್ಲ."

"ಅದರಾಗ ನಾಳೆ ರೊಟ್ಟಿ ಒಯ್ಯಾಕಿ ಹೌದಿಲ್ಲೋ ನೀ?"

"ತೊಳದ ಒಯ್ತೇನಿ. ಸತ್ತದ್ದಲ್ಲ, ಜೀವಂತ ಐತಿ. ಜೀವ ಇದ್ದದ್ದಕ್ಕ ಎಂಥಾ ಮೈಲಿಗಿ?"

ಸಂಗತಿ ಏನೆಂದರೆ, ಆ ಫ್ಯಾಕ್ಟರಿಯ ಆಫೀಸಿನಲ್ಲಿ ಬಂದವರು ಕೂಡುವ ಜಾಗದಲ್ಲಿ ಗಾಜಿನ ಪೆಟ್ಟಿಗೆ ಇತ್ತಂತೆ, ಅದರಲ್ಲಿ ಚಂದಕ್ಕೆ ಮೀನು. ಅದರಲ್ಲಿ ಇದು ಒಂದು ವಾರದಿಂದ ಡೊಂಕಾಗಿ ತೇಲತೊಡಗಿತ್ತು. ಬಂದವರ ಕಣ್ಣಿಗೆ ಚಲೋ ಕಾಣುವುದಿಲ್ಲ, ಎತ್ತಿ ಗಟಾರಕ್ಕೆ ಚೆಲ್ಲು ಎಂದು ಅಲ್ಲಿಯವರು ಹೇಳಿದ್ದು ಕಾಕೂಗೆ, ಆ ದಿನ ಕಸ ಗುಡಿಸುವವಳು ರಜೆಯಲ್ಲಿದ್ದಳು ಅನ್ನುವ ಕಾರಣಕ್ಕೆ. ಕಾಕು ಗಟಾರದ ತನಕ ಹೋದರಂತೆ. "ಅದು ನನ್ನ ನೋಡ್ತು" ಅಷ್ಟೇ ಹೇಳಿದರು. ಮೀನಿಗೆ ರೆಪ್ಪೆ ಇಲ್ಲ ಕಾಕು, ಅದು ಎಲ್ಲರನ್ನೂ ನೋಡುತ್ತದೆ ಎಂದು ನಾನು ಹೇಳಬೇಕೆಂದಿದ್ದೆ. ಅವರ ಮುಖ ನೋಡಿ ಬಿಟ್ಟೆ.

ಮರುದಿನ ನಲ್ಲಿ ಮುಂದೆ ಸುದ್ದಿಯೋ ಸುದ್ದಿ. "ಲಿಂಗವಂತರಾಕಿ ಡಬ್ಬ್ಯಾಗ ಮೀನ ತಂದಾಳಂತ. ಗೋವಾದ ನೀರು ಯಾರ್ನೂ ಬಿಡಂಗಿಲ್ಲ ನೋಡ್ರಿ!" ನಾನು ಆ ಸುದ್ದಿಗೆ ನನ್ನ ಕಡೆಯಿಂದ ಒಂದಿಷ್ಟು ಮಸಾಲೆ ಹಾಕಿ, ಕಾಕು ಡಬ್ಬಿ ತೆಗೆಯುವುದನ್ನೂ ಕಾಕಾನ ಕಣ್ಣು ದೊಡ್ಡದಾಗುವುದನ್ನೂ ಕೊಡಗಳ ಸಾಲಿನ ಮುಂದೆ ಆಡಿ ತೋರಿಸಿದೆ. ಕಾಕು ಹಿಂದೆಯೇ ಕೊಡ ಹಿಡಿದು ನಿಂತಿದ್ದರು. "ನಡಿಗಿ ತಪ್ಪೇತಿ ಗಿಣಿರಾಮ. ನಾ ಹಿಂಗ ನಡದಿದ್ರ ಅರ್ಧ ನೀರು ಚೆಲ್ತಿತ್ತು" ಎಂದು, ತಾವೇ ನಡೆದು ತೋರಿಸಿದರು. ನಲ್ಲಿ ಮುಂದಿನವರೆಲ್ಲ ನಕ್ಕರು. ಸುದ್ದಿ ಅಲ್ಲಿಗೇ ತಣ್ಣಗಾಯಿತು. ಅವರನ್ನು ಚುಡಾಯಿಸುವುದರಲ್ಲಿ ಇದೇ ಕಷ್ಟ ಇತ್ತು.

ಮೀನಿಗೆ ಹೊನ್ಯಾ ಎಂದು ಹೆಸರಾಯಿತು. ಹಿಟ್ಟು ನಾದುವ ದೊಡ್ಡ ಪರಾತ ಅದರ ಮನೆಯಾಯಿತು. ಕಾಕು ಹಿಟ್ಟನ್ನು ಸಣ್ಣ ತಾಟಿನಲ್ಲಿ ನಾದಿಕೊಂಡು, ಅರ್ಧ ನೆಲಕ್ಕೆ ಚೆಲ್ಲಿ, ಅದಕ್ಕೂ ಕಾಕಾನ ಹತ್ತಿರ ಬೈಸಿಕೊಂಡರು. ಊರಲ್ಲಿದ್ದಾಗ ಅವರ ಅತ್ತೆ ಹಾಸಿಗೆ ಹಿಡಿದಿದ್ದರಂತೆ. ವರ್ಷಗಟ್ಟಲೆ ಮಗ್ಗುಲು ಬದಲಿಸಿ, ಒರೆಸಿ, ಉಣ್ಣಿಸಿ ಮಾಡಿದ್ದು ಈ ಕೈಯೇ. ಹೊನ್ಯಾನ ಒಂದು ಮಗ್ಗುಲು ಸದಾ ನೀರಿನ ಹೊರಗೆ ಉಳಿದು ಒಣಗಿ ಬೆಳ್ಳಗಾಗುತ್ತಿತ್ತು. ಕಾಕು ಹಳೆಯ ಧೋತರದ ಅರಬಿ ತುಂಡನ್ನು ನೀರಲ್ಲಿ ಅದ್ದಿ ಅದರ ಮೇಲೆ ಹೊದಿಸುತ್ತಿದ್ದರು. ಕೆಲಸಕ್ಕೆ ಹೋಗುವಾಗ ನನಗೆ ಹೇಳಿ ಹೋಗುತ್ತಿದ್ದರು. ನಪಾಸಾದ ಗಂಡಾಳು ಮನೆಯಲ್ಲಿ ಇನ್ನೇನು ಮಾಡಬೇಕು? ನಾನು ಮೀನಿಗೆ ಹೊದಿಕೆ ತೋಯಿಸುತ್ತ ಕೂತೆ. ಗೆಳೆಯರು ಕಾಲೇಜಿಗೆ ಹೋಗುವ ಹೊತ್ತಿಗೆ ನಾನು ಮೀನಿನ ನರ್ಸು.

ಊಟದ್ದೇ ಎಡವಟ್ಟಾದದ್ದು. ಹೊನ್ಯಾಗೆ ಕಾಕು ಏನು ಹಾಕಿರಬೇಕು? ಕಟಕ ಜೋಳದ ರೊಟ್ಟಿ, ಪುಡಿ ಮಾಡಿ. ನಮ್ಮ ಮಂದಿಗೆ ಎಲ್ಲ ಜಡ್ಡಿಗೂ ಅದೇ ಮದ್ದು. "ಜೋಳ ತಿಂದ್ರ ಟೊಂಕ ಗಟ್ಟಿ ಆಗತೈತಿ, ತಾನ ನೆಟ್ಟಗ ಆಗತಾನ" ಎಂದರು. ಹೊನ್ಯಾ ಪಾಪ, ಬಿಜಾಪುರದವನ ಹಾಗೆಯೇ ತಿಂದ. ರೊಟ್ಟಿಯ ಪುಡಿ ಹೊಟ್ಟೆಯೊಳಗೆ ಹೋಗಿ ನೀರು ಕುಡಿದು ಉಬ್ಬಿತು. ಮರುದಿನ ನೋಡಿದರೆ ಹೊಟ್ಟೆ ಮಿರ್ಚಿ ಭಜಿಯ ಹಾಗೆ ಊದಿಕೊಂಡಿದೆ, ಮಗ್ಗುಲಾಗಿದ್ದವನು ಈಗ ಪೂರ್ತಿ ಅಂಗಾತ. ಕಾಕು ಗಲ್ಲ ಬಡಿದುಕೊಂಡರು.

ರವಿವಾರ ನಾವಿಬ್ಬರೂ ವಾಸ್ಕೋಕ್ಕೆ ಹೋದೆವು. ಮೀನು ಸಾಕುವ ಸಾಮಾನು ಮಾರುವ ಅಂಗಡಿ ಅಲ್ಲಿತ್ತು. ಅಂಗಡಿಯವನು ಎಲ್ಲ ಕೇಳಿ, ಗಲ್ಲಾದ ಮೇಲೆ ಬಗ್ಗಿ, "ರೋಟಿ ಖಿಲಾಯಾ? ಸಾಥ್ ಮೇ ಚಟ್ನಿ ಭೀ ದಿಯಾ ಕ್ಯಾ, ಮೌಸಿ?" ಎಂದ. ನಾನು ನಕ್ಕೆ. ಕಾಕು ನಗಲಿಲ್ಲ. "ಖಾರ ಆಗತೈತಂತ ಹಾಕಿಲ್ಲ ಅಂತ ಹೇಳೋ" ಎಂದರು ನನಗೆ. ಅವನ ನಗೆ ನಿಂತಿತು. ಮೀನಿನ ಹೊಟ್ಟೆಯಲ್ಲಿ ಗಾಳಿಯ ಚೀಲ ಒಂದಿರುತ್ತದೆ, ಅದು ಕೆಟ್ಟರೆ ಮೀನಿಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಪೂರ್ತಿ ಸರಿಯಾಗುತ್ತದೆ ಅಂತ ಹೇಳಲಾರೆ ಎಂದ. ಕೆಲವು ದಿನ ಏನೂ ಹಾಕಬೇಡಿ. ಹೊಟ್ಟೆ ಇಳಿದ ಮೇಲೆ ಬೇಯಿಸಿದ ಬಟಾಣಿ, ಸಿಪ್ಪೆ ತೆಗೆದು, ಚೂರು ಚೂರು. ಮತ್ತೆ ಉಬ್ಬಿದರೆ ಮತ್ತೆ ಉಪವಾಸ. "ಇಲ್ಲಾಂದ್ರೆ ಹೊಸದು ಒಯ್ಯಿರಿ" ಎಂದು ಗಾಜಿನ ಪೆಟ್ಟಿಗೆ ತೋರಿಸಿದ. ಕಾಕು ಆ ಕಡೆ ನೋಡಲೂ ಇಲ್ಲ.

ಬರುವಾಗ ಬಸ್ಸಿನಲ್ಲಿ ಕಾಕು ಅದನ್ನೇ ವಿಚಾರ ಮಾಡುತ್ತ ಕೂತರು. ಅವರಿಗೆ ಅದು ಸಣ್ಣ ಮಾತಾಗಿರಲಿಲ್ಲ. ಜಡ್ಡು ಬಿದ್ದ ಜೀವವನ್ನು ಬೇಕಂತಲೇ ಹಸಿವಿನಿಂದ ಕೆಡವುವುದು... ಅತ್ತೆಗೆ ಒಂದೊಂದೇ ತುತ್ತು ಕಾಯ್ದು ಕಾಯ್ದು ಉಣ್ಣಿಸಿದವರು ಅವರು. ಸ್ಟಾಪು ಹತ್ತಿರ ಬಂದಾಗ ಒಮ್ಮೆಲೇ ನನ್ನ ತೋಳು ಹಿಡಿದರು.

"ನಾಳೆ ಯಾವ ವಾರೋ?"

"ಸೋಮವಾರರಿ."

"ಶ್ರಾವಣ ಸೋಮವಾರ! ಸುಮ್ನ ಉಪಾಸ ಕೆಡವಿದ್ರ ಪಾಪ. ಒಪ್ಪತ್ತಂತ ಹಿಡಿಸಿದ್ರ ಪುಣ್ಯ. ಹೊನ್ಯಾ ಒಪ್ಪತ್ತ ಇರ್ತಾನ."

ಹೀಗೆ ಗೋವಾದಲ್ಲಿ, ಬಹುಶಃ ಇಡೀ ಜಗತ್ತಿನಲ್ಲಿ, ಶ್ರಾವಣ ಸೋಮವಾರದ ವ್ರತ ಹಿಡಿದ ಮೊದಲ ಮೀನು ನಮ್ಮ ಹೊನ್ಯಾ. ಪರಾತದ ಅಂಚಿಗೆ ಮೂರು ಬೆರಳಿನ ವಿಭೂತಿ ಬಿತ್ತು. ಮೀನೇ ವ್ರತ ಹಿಡಿದ ಮೇಲೆ ಮನೆಯ ಹೆಂಗಸು ಉಂಡರೆ ಹೇಗೆ? ಕಾಕು ಮೊದಲಿಂದಲೂ ಸೋಮವಾರ ಮಾಡುವವರೇ, ಸಂಜೆ ಒಂದು ಹೊತ್ತು ಉಣ್ಣುವವರು. ಆದರೆ ಹೊನ್ಯಾನದು ಸೋಮವಾರಕ್ಕೆ ಮುಗಿಯುವ ಒಪ್ಪತ್ತಲ್ಲ. ಮಂಗಳವಾರವೂ ಅವನು ಖಾಲಿ ಹೊಟ್ಟೆ, ಬುಧವಾರವೂ. ಕಾಕೂನೂ ಹಾಗೆಯೇ, ಬರೀ ಚಹಾದ ಮೇಲೆ. "ಅದು ನೋಡಕೋತ ಇರೂದು, ನಾ ರೊಟ್ಟಿ ಮುರ್ಯೂದು... ಆಗಂಗಿಲ್ಲವಾ" ಎಂದರು ಅವ್ವನಿಗೆ.

ಬೆರಗಿನ ಸಂಗತಿ, ಹೊನ್ಯಾನ ಹೊಟ್ಟೆ ಇಳಿಯಿತು. ಅಂಗಾತ ಇದ್ದವನು ಮಗ್ಗುಲಿಗೆ ಬಂದ. ಬಟಾಣಿಯ ಮೊದಲ ಚೂರು ನುಂಗಿದ ದಿನ ಕಾಕು ಓಣಿಗೆಲ್ಲ ಸಕ್ಕರೆ ಹಂಚಿದರು. ಮೀನಿನವಳಿಗೂ ಕೊಟ್ಟರು, ಬಾಯಿ ಅಂತ ಕರೆಯುತ್ತಿದ್ದೆವು ಅವಳನ್ನು. ಆ ಕೊಂಕಣಿ ಬಾಯಿಗೂ ಕಾಕೂಗೂ ಆ ತನಕ ಇದ್ದ ಸಂಬಂಧ ಅಂದರೆ ಇವಳು ಕೂಗುವುದು, ಅವರು ಬಾಗಿಲು ಹಾಕುವುದು. ಈಗ ಕಾಕೂನೇ ಬಾಗಿಲು ತೆಗೆದು ನಿಲ್ಲುತ್ತಿದ್ದರು, ಮೂಗಿನ ಮೇಲೆ ಸೆರಗು ಇದ್ದೇ ಇತ್ತು ಅನ್ನಿ. ಅವಳು ಬುಟ್ಟಿ ಕಟ್ಟೆಯ ಮೇಲೆ ಇಳಿಸಿ, ಪರಾತದ ಹತ್ತಿರ ಕುಕ್ಕರುಗಾಲಲ್ಲಿ ಕೂತು, "ಕಿತೆಂ ಗೋ ಬಾಯ್, ಜಿವೆಂ ಆಸಾ?" ಅನ್ನುತ್ತಿದ್ದಳು. ಬದುಕಿದೆಯಾ ಅಂತ. ಬದುಕಿದ್ದನ್ನು ನೋಡಿ ತೊಡೆ ತಟ್ಟಿ ನಗುತ್ತಿದ್ದಳು: "ಹಾಂವ್ ವಿಕ್ತಾಂ, ತೂಂ ವಾಂಚಯ್ತಾ!" ನಾನು ಮಾರುತ್ತೇನೆ, ನೀನು ಉಳಿಸುತ್ತೀ. ಬುಟ್ಟಿಯ ಬಂಗಡೆಗಳು ಮಾತ್ರ ಈ ಜೋಕಿಗೆ ನಗುತ್ತಿರಲಿಲ್ಲ.

ನಾನು ಹೊನ್ಯಾಗೆ ದನಿ ಕೊಟ್ಟದ್ದು ಆ ದಿನಗಳಲ್ಲಿ. ಸಂಜೆ ಹೊದಿಕೆ ತೋಯಿಸುತ್ತ ಕೂತಾಗ ಬೇಸರಕ್ಕೆ ಶುರುಮಾಡಿದ್ದು. ತುಟಿ ದುಂಡಗೆ ಮಾಡಿ, ಮೂಗಿನಿಂದ ಅರ್ಧ, ಗಂಟಲಿನಿಂದ ಅರ್ಧ, ಮಾತಿಗೊಂದು ಗುಳ್ಳೆ. ಹೊನ್ಯಾಗೆ ದೊಡ್ಡವರು ಸಣ್ಣವರು ಇಲ್ಲ, ರೀ ಗೀ ಇಲ್ಲ. ನಾನು "ಕಾಕು, ಚಹಾ ಕುಡೀರಿ" ಅಂದರೆ ಹೊನ್ಯಾ "ಕಾಕು, ನನಗ ಎಲ್ಲೆ ಚಹಾ? ನೀ ಒಬ್ಬಾಕೀನ ಕುಡೀತಿಯಲ್ಲ" ಅನ್ನುತ್ತಿದ್ದ. ಕಾಕು ಅವನಿಗೆ ಜವಾಬು ಕೊಡುತ್ತಿದ್ದರು, ನನಗಲ್ಲ. "ನಿನ್ನ ಹೊಟ್ಟಿ ಇಳೀಲಿ, ಕುಡಿಸ್ತೇನಿ ಮಗನ." ಒಂದು ಶನಿವಾರ ಕಾಕಾ ಸೆಂಟ್ರಿಂಗಿನವರ ಜೊತೆ ಕೂತು ಬಂದಿದ್ದರು. ಬಾಗಿಲ ಚೌಕಟ್ಟು ಹಿಡಿದು ಒಳಗೆ ಬರುವಾಗ ಹೊನ್ಯಾ ಕೂಗಿದ, "ಕಾಕಾ, ಇವತ್ತ ನೀನೂ ಒಂದ ಮಗ್ಗಲ ಆಗೀಯಲ್ಲೋ!" ನಾನು ಹೊಡೆತಕ್ಕೆ ತಯಾರಾಗಿ ಕೂತೆ. ಕಾಕಾ ಪರಾತವನ್ನೇ ನೋಡಿದರು. ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಬೆನ್ನು ಅಲುಗುತ್ತಿತ್ತು, ನಗುತ್ತಿದ್ದರು.

ಆದರೆ ಹೊನ್ಯಾ ಉಂಡರೆ ಮತ್ತೆ ಉಬ್ಬುತ್ತಿದ್ದ. ಮತ್ತೆ ಉಪವಾಸ. ಮತ್ತೆ ಕಾಕು. ಶ್ರಾವಣ ಮುಂದೆ ಹೋದಂತೆ ಅವರ ಬಳೆಗಳು ಮೊಣಕೈ ತನಕ ಜಾರತೊಡಗಿದವು. ಫ್ಯಾಕ್ಟರಿಯಲ್ಲಿ ಇಡೀ ಪಾಳಿ ನಿಂತೇ ಮಾಡುವ ಕೆಲಸ. ಕಾಕಾ ಮೊದಲು ಬೈದರು, ಆಮೇಲೆ ಬೇಡಿಕೊಂಡರು, ಆಮೇಲೆ ಒಂದು ದಿನ ನಮ್ಮಪ್ಪನ ಮುಂದೆಯೇ ಹೇಳಿದರು. "ಮೀನಿನ ಸಲುವಾಗಿ ನಾ ಹೆಣ್ತಿ ಕಳಕೊಳ್ಳಾಂವಲ್ಲ. ಶ್ರಾವಣ ಮುಗ್ಯೂದ್ರೊಳಗ ಅದು ನೆಟ್ಟಗ ಆಗಲಿಲ್ಲಂದ್ರ ಒಯ್ದು ಹೊಳಿಗೆ ಬಿಟ್ಟ ಬರ್ತೇನಿ."

"ನೆಟ್ಟಗ ಆಗದಿದ್ರ ಏನಾತು?" ಕಾಕು ಅಂದರು. "ನಿಮ್ಮವ್ವ ನೆಟ್ಟಗ ಆಗಿದ್ರೇನು? ಹೊಳಿಗೆ ಬಿಟ್ರೇನು ಅವರ್ನ?"

ಆ ಮಾತಿಗೆ ಕಾಕಾ ಎದ್ದು ಹೊರಗೆ ಹೋದರು. ನಮ್ಮಪ್ಪ ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಕಾಲಲ್ಲೇ ಇದ್ದವು.

ಶ್ರಾವಣದ ಕೊನೆಯ ವಾರ. ಸಂಜೆ ಕಂಪನಿ ಬಸ್ಸು ಬಂದು ನಿಂತಿತು, ಡಬ್ಬಿಯ ಸಪ್ಪಳ ಬರಲಿಲ್ಲ. ಜೊತೆಯ ಹೆಂಗಸರು ಕಾಕೂನ ಎರಡೂ ತೋಳು ಹಿಡಿದು ಇಳಿಸಿದರು. ಕೆಲಸದ ಮೇಜಿನ ಹತ್ತಿರವೇ ಕಣ್ಣು ಕತ್ತಲೆ ಬಂದು ಬಿದ್ದರಂತೆ. ಹಣೆ ಮೇಲೆ ಬುಗುಟಿ ಎದ್ದಿತ್ತು. ಅವ್ವ ಅವರನ್ನು ಮಲಗಿಸಿ ಸಕ್ಕರೆ ನೀರು ಕುಡಿಸಿದಳು. ಕಣ್ಣು ತೆಗೆದು ಕಾಕು ಕೇಳಿದ್ದು, "ಹೊನ್ಯಾನ ಅರಬಿ ತೊಯ್ಸಿಯೇನೋ?"

ಕಾಕಾ ಕೆಲಸದಿಂದ ಬಂದು ಎಲ್ಲ ಕೇಳಿದರು. ಬಕೆಟ್ಟು ತಂದು, ಪರಾತ ಎತ್ತಿ, ಹೊನ್ಯಾನನ್ನು ನೀರಿನ ಸಮೇತ ಅದಕ್ಕೆ ಸುರಿದುಕೊಂಡು ನಡೆದರು. ಕಾಕು ಏಳಲು ನೋಡಿದರು, ಏಳಲಾಗಲಿಲ್ಲ. ನನ್ನ ಕಡೆ ನೋಡಿದರು. ನಾನು ಕೊಡೆ ತೆಗೆದುಕೊಂಡು ಕಾಕಾನ ಹಿಂದೆ ಓಡಿದೆ.

ಸಣ್ಣ ಮಳೆ. ಜುವಾರಿ ಹೊಳೆಯ ದಾರಿ ಇಳಿಜಾರು. ನಾನು ಹಿಂದಿನಿಂದ ಕೊಡೆ ಹಿಡಿದೆ. ಕಾಕಾನ ತಲೆಗಲ್ಲ, ಬಕೆಟ್ಟಿಗೆ. ಯಾಕೆಂದು ಈಗಲೂ ಗೊತ್ತಿಲ್ಲ, ಮೀನಿಗೆ ಮಳೆಯಿಂದ ಏನು ತ್ರಾಸು? ದಾರಿಯಲ್ಲಿ ಖಾಲಿ ಬುಟ್ಟಿ ಹೊತ್ತು ಮೀನಿನ ಬಾಯಿ ಎದುರಾದಳು. ಬಕೆಟ್ಟಿನಲ್ಲಿ ಇಣುಕಿ, ಎಲ್ಲಿಗೆ ಹೊರಟದ್ದು ತಿಳಿದು, ಹಣೆ ಹಣೆ ಬಡಿದುಕೊಂಡಳು. "ಅರೇ ಬಾಬಾ, ತೆಂ ಖಾರೆಂ ಉದಕ್!" ಅದು ಉಪ್ಪು ನೀರು, ಇದು ಸಿಹಿ ನೀರಿನ ಮೀನು, ಬಿಟ್ಟರೆ ಒದ್ದಾಡಿ ಸಾಯುತ್ತದೆ ಎಂದಳು. ಕೊಲ್ಲುವುದೇ ಆದರೆ ನನ್ನ ಹತ್ತಿರ ಕೊಡು, ನಾನು ಒಂದೇ ಏಟಿಗೆ ಮುಗಿಸುತ್ತೇನೆ, ನನಗೆ ರೂಢಿ ಇದೆ ಎಂದು ಕೈ ಚಾಚಿದಳು. ಅವಳ ಕಣ್ಣಲ್ಲಿ ನೀರಿತ್ತು. ಕಾಕಾ ಬಕೆಟ್ಟನ್ನು ಎದೆಗೆ ಒತ್ತಿಕೊಂಡು ಮುಂದೆ ನಡೆದರು. ಹೆಜ್ಜೆ ಮಾತ್ರ ಸಣ್ಣವಾದವು.

ದಂಡೆಗೆ ಬಂದೆವು. ಕಾಕಾ ಕೆಸರಿನಲ್ಲಿ ಇಳಿದು ಬಕೆಟ್ಟು ವಾರೆ ಮಾಡಿದರು. ನನ್ನ ಬಾಯಿ ಯಾವತ್ತೂ ನನ್ನನ್ನು ಕೇಳಿ ತೆರೆಯುವುದಲ್ಲ.

"ಕಾಕಾ... ನನಗ ಈಜಾಕ ಬರಂಗಿಲ್ಲೋ."

ಹೊನ್ಯಾನ ದನಿ. ಗುಳ್ಳೆ ಸಮೇತ.

ಕಾಕಾ ತಿರುಗಲಿಲ್ಲ. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ನಾನು ಕೆನ್ನೆ ಗಟ್ಟಿ ಮಾಡಿಕೊಂಡು ನಿಂತೆ. ಅವರು ಬಕೆಟ್ಟನ್ನು ನೆಟ್ಟಗೆ ಮಾಡಿ, ಹಿಂದೆ ಸರಿದು, ಒಂದು ಕಲ್ಲಿನ ಮೇಲೆ ಕೂತರು. ಬಕೆಟ್ಟು ತೊಡೆಯ ನಡುವೆ. ಆಮೇಲೆ ಮಾತಾಡಿದರು. ನನ್ನ ಹತ್ತಿರ ಅಲ್ಲ, ಬಕೆಟ್ಟಿನೊಳಗೆ.

"ನಿನಗ ಈಜಾಕ ಬರಂಗಿಲ್ಲ. ನನಗೇನ ಬರತೈತಿ ಹೇಳ? ಆಕಿ ಇಲ್ಲಂದ್ರ ಈ ಊರಾಗ ನಾ ಯಾರ ಮಾರಿ ನೋಡ್ಲಿ? ನಿನ್ನ ಮ್ಯಾಲೆ ಸಿಟ್ಟಿಲ್ಲಪಾ ನನಗ. ಆಕಿ ಉಣವಲ್ಲಳು... ನಾ ಹೇಳಿದ್ರ ಕೇಳಂಗಿಲ್ಲ. ನೀನರ ಹೇಳಿ ನೋಡ."

ನನ್ನ ಹತ್ತಿರ ಎಷ್ಟೊಂದು ಜೋಕು ಇದ್ದವು. ಆ ಹೊತ್ತಿನಲ್ಲಿ ಒಂದೂ ಬರಲಿಲ್ಲ. "ಹೇಳ್ತೇನಿ ನಡಿ ಕಾಕಾ" ಅಂದ ಹೊನ್ಯಾ. ನಾವು ಮೂವರೂ ತಿರುಗಿ ಬಂದೆವು.

ಕಾಕು ಗೋಡೆಗೆ ಒರಗಿ ಕೂತಿದ್ದರು. ಒಂದು ಕೈ ಖಾಲಿ ಪರಾತದೊಳಗೆ ಇತ್ತು. ಬಕೆಟ್ಟು ತೂಗುವ ರೀತಿಯಲ್ಲೇ ಹೊನ್ಯಾ ಇದ್ದಾನೆಂದು ಅವರಿಗೆ ತಿಳಿಯಿತು. ಕಾಕಾ ಹೊನ್ಯಾನನ್ನು ಪರಾತಕ್ಕೆ ಬಿಟ್ಟು, ಅರಬಿ ತೋಯಿಸಿ ತಾವೇ ಹೊದಿಸಿದರು. ದಪ್ಪ ಬೆರಳು, ಸಿಮೆಂಟು ಹಿಡಿದ ಉಗುರು. ಆಮೇಲೆ ನನ್ನ ಕಡೆ ನೋಡಿದರು. ಶುರುಮಾಡು ಎನ್ನುವ ಹಾಗೆ.

"ಕಾಕು," ಎಂದ ಹೊನ್ಯಾ, "ಒಪ್ಪತ್ತು ಇರಾಂವ ನಾನು. ಪುಣ್ಯ ನಂದು. ನೀ ಯಾಕ ಅದರಾಗ ಪಾಲ ಕೇಳಾಕ ಬರ್ತಿ?"

ಕಾಕು ಪರಾತ ನೋಡಿದರು.

"ನಾ ಪಾಲ ಕೇಳಿಲ್ಲೋ. ಜೋಡಿ ಅಂತ ಇದ್ದೆ."

"ಜೋಡಿ ಬ್ಯಾಡ. ನೀ ಬಿದ್ರ ನನ್ನ ಅರಬಿ ಯಾರ ತೊಯಸ್ತಾರು? ಈ ನಪಾಸ ಹುಡುಗನೇನು?"

ಕಾಕು ನಕ್ಕರು. ನಗುತ್ತ ನಗುತ್ತ ಅತ್ತರು. ಅವ್ವ ಗಡಬಡಿಸಿ ನಮ್ಮ ಮನೆಯಿಂದ ನುಚ್ಚು-ಮಜ್ಜಿಗೆ ತಂದಳು. ಕಾಕು ಮೊದಲ ತುತ್ತು ಎತ್ತಿದಾಗ ಕಾಕಾ ಬೇರೆ ಕಡೆ ಮುಖ ಮಾಡಿ ನಿಂತಿದ್ದರು, ಕಣ್ಣು ಬಿದ್ದೀತು ಎನ್ನುವವರ ಹಾಗೆ.

ಅಂದಿನಿಂದ ಒಂದು ಒಪ್ಪಂದವಾಯಿತು. ಉಪವಾಸ ಹೊನ್ಯಾನದು, ಊಟ ಕಾಕೂನದು, ಬಟಾಣಿ ಸುಲಿಯುವುದು ನಮ್ಮಿಬ್ಬರದು, ನನ್ನದು ಮತ್ತು ಕಾಕಾನದು. ಹೊನ್ಯಾ ಕೊನೆಗೂ ನೆಟ್ಟಗಾಗಲಿಲ್ಲ. ಒಂದೇ ಕಡೆ ಮಂದಿ ಜೋತುಬಿದ್ದ ವಾಸ್ಕೋ ಬಸ್ಸಿನ ಹಾಗೆ ವಾರೆಯಾಗಿಯೇ ಪರಾತದ ಸುತ್ತ ತಿರುಗುತ್ತಿದ್ದ. ಆದರೆ ತಿರುಗುತ್ತಿದ್ದ. ಕಾಕು ಬಂದರೆ ಅಂಚಿಗೆ ಬರುತ್ತಿದ್ದ. ಮುಂದಿನ ಬೇಸಿಗೆಯನ್ನು ಅವನು ದಾಟಲಿಲ್ಲ. ಕಾಕಾ ನಲ್ಲಿ ಹಿಂದಿನ ಪೇರಲ ಗಿಡದ ಕೆಳಗೆ ತೋಡಿದರು, ಕಾಕು ವಿಭೂತಿ ಹಾಕಿದರು. ಮೀನಿನ ಬಾಯಿ ಬುಟ್ಟಿಯನ್ನು ದೂರದಲ್ಲೇ ಇಳಿಸಿ, ಕೈ ತೊಳೆದುಕೊಂಡು ಬಂದು ಒಂದು ಹಿಡಿ ಮಣ್ಣು ಹಾಕಿದಳು. ನಾನು ಅವತ್ತು ಯಾರ ದನಿಯನ್ನೂ ತೆಗೆಯಲಿಲ್ಲ.

ಆಮೇಲೆ ಕಾಕಾಗೆ ಕುಂಡಯಿಯ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಅವರು ಖೋಲಿ ಬಿಟ್ಟರು. ಟೆಂಪೋ ಹೊರಡುವಾಗ ಕಾಕು ಪರಾತವನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. "ಬಾರೋ ಗಿಣಿರಾಮ, ಪೋಂಡಾ ಬಸ್ಸಿಗೆ ಬಂದ್ರ ಬಂತು" ಎಂದರು. ಹೋಗಬಹುದಿತ್ತು. ಒಂದೆರಡು ಸಲ ಹೋದೆ ಕೂಡ. ಆಮೇಲೆ ಕೆಲಸ, ಪ್ರೋಗ್ರಾಮು, ಬಸ್ಸಿನ ಗದ್ದಲ... ಕಾಕೂಗೆ ಜಾಂಡೀಸು ಆಗಿ ಊರಿಗೆ ಹೋದದ್ದು ತಿಳಿಯಿತು. ನೆಟ್ಟಗಾಗಿ ಬರುತ್ತಾರೆ ಅಂದುಕೊಂಡೆವು. ಬರಲಿಲ್ಲ. ಫೋನು ಬಂದಾಗ ಅವ್ವ ಒಲೆ ಆರಿಸಿ ಕೂತಳು. ಹೋದ ವರ್ಷದ ಮಾತು ಇದು.

ಈ ಶ್ರಾವಣದಲ್ಲಿ, ಬಟಾಣಿ ಬೆಂದ ಆ ಮರುವಾರ, ಕುಂಡಯಿಗೆ ಹೋದೆ. ಕಾಕಾ ಗೇಟಿನ ಪಾಳಿ ಮುಗಿಸಿ ಖೋಲಿಯಲ್ಲಿದ್ದರು. ನನ್ನನ್ನು ನೋಡಿ ಗಡಬಡಿಸಿ ಅನ್ನಕ್ಕೆ ಇಟ್ಟರು, ಸಾರು ಮಾಡಿದರು. ಅಡಿಗೆ ಕಲಿತಿದ್ದಾರೆ, ಉಪ್ಪು ಹಾಕುವಾಗ ಎರಡು ಸಲ ವಿಚಾರ ಮಾಡುತ್ತಾರೆ. ಒಂದೇ ತಾಟು ಹಾಕಿದರು. ನನಗೆ.

"ನಿಮಗರಿ?"

"ಇವತ್ತ ಸೋಮವಾರ. ಸಂಜಿಗೆ ಉಣ್ತೇನಿ." ಸೌಟು ಕೆಳಗಿಟ್ಟು, "ಆಕಿ ಹೋದಾಗಿಂದ ಹಿಡಿದೇನಿ. ಇದ್ದಾಗ ಬರೇ ಬೈದೆ" ಎಂದರು.

ಅನ್ನದಿಂದ ಹಬೆ ಏಳುತ್ತಿತ್ತು. ಕಾಕಾ ಎದುರಿಗೆ ಕೂತು, ನಾನು ಉಣ್ಣುವುದನ್ನು ನೋಡಲು ತಯಾರಾಗಿದ್ದರು. ನಾನು ತಾಟನ್ನು ಸ್ವಲ್ಪ ಆ ಕಡೆ ಸರಿಸಿದೆ.

"ನೀವು ಉಂಡಾಗ ನಾನೂ ಉಣ್ತೇನ್ರಿ ಕಾಕಾ."

ಕಾಕಾ ಕೈ ಅಡ್ಡ ಮಾಡಿ, ಮೆಲ್ಲಗೆ, "ಬ್ಯಾಡೋ. ಆಕೀ ನಕಲ ಮಾಡಬ್ಯಾಡ" ಎಂದರು.

"ಇಲ್ಲರಿ ಕಾಕಾ," ಎಂದೆ. "ನಾ ಯಾರ ನಕಲೂ ಮಾಡಾಕತ್ತಿಲ್ಲ."

ಖರೇ ಹೇಳುತ್ತೇನೆ, ಮಾಡುತ್ತಿರಲಿಲ್ಲ. ಕಾಕೂನ ದನಿ ನನಗೆ ಯಾವತ್ತೂ ಬಂದೇ ಇಲ್ಲ.

ಕಾಕಾ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿದರು. ಇಬ್ಬರೂ ಹೊಸ್ತಿಲಲ್ಲಿ ಬಂದು ಕೂತೆವು. ಮಳೆ ಬಂದು ನಿಂತು, ಮತ್ತೆ ಬಂತು. ಸಂಜೆ ಪಾಳಿಯ ಕಂಪನಿ ಬಸ್ಸು ಗೇಟಿನ ಹತ್ತಿರ ನಿಂತು ಹೆಂಗಸರನ್ನು ಇಳಿಸತೊಡಗಿತು. ಒಬ್ಬೊಬ್ಬರೇ ಸೆರಗು ತಲೆಗೆ ಹಾಕಿಕೊಂಡು ಇಳಿದರು. ಬಸ್ಸು ಪೂರ್ತಿ ಖಾಲಿಯಾಗುವ ತನಕ ಇಬ್ಬರೂ ಅತ್ತಲೇ ನೋಡಿದೆವು. ಆಮೇಲೆ ಒಳಗೆ ಹೋಗಿ ಉಂಡೆವು.